ಕಾಕಾ ಸ್ಪೀಡ್ ಏರಿಸಿದ್ದು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಅತ್ಯಂತ ಪುಕ್ಕಲ ಮನುಷ್ಯ ಯಾರೆಂದು ಸ್ಪರ್ಧೆ ಇಟ್ಟರೆ ನಮ್ಮ ಕಾಕಾ ಗೆಲ್ಲುವುದು ಖಂಡಿತ. ಬಹುಮಾನ ತೆಗೆದುಕೊಳ್ಳಲು ಮಾತ್ರ ವೇದಿಕೆ ಹತ್ತುವುದಿಲ್ಲ, ಅದರ ಹಲಗೆ ಗಟ್ಟಿಯಿದೆಯೋ ಇಲ್ಲವೋ ಎಂದು!

ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿ ನಿವೃತ್ತರಾದವರು. ಕುಕ್ಕರ್ ಸೀಟಿ ಹೊಡೆದರೆ ಸೋಫಾದ ಹಿಂದೆ ಹೋಗಿ ನಿಲ್ಲುತ್ತಾರೆ. ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿದ್ದರೂ ಮುಂದಿನ ಗಾಡಿಗೆ ಕಾಯುತ್ತಾರೆ. ಅವರ ಜೊತೆ ಠಾಣೆ ಊರಿನ ಒಂದು ಮದುವೆಗೆ ಹೊರಟ ನಾವು ಮುಹೂರ್ತ ತಪ್ಪಿಸಿಕೊಂಡು ನೇರವಾಗಿ ಊಟದ ಪಂಕ್ತಿಗೆ ತಲುಪಿದ್ದುಂಟು. (ನನಗೇನೂ ಬೇಸರವಿಲ್ಲ!) ಅವರ ಹೆಂಡತಿ, ನಮ್ಮ ಕಾಕು, ಸ್ಕೂಟರ್ ಕಲಿಯುತ್ತೇನೆ ಎಂದಾಗಲೆಲ್ಲ ಇವರದು ಒಂದೇ ಉತ್ತರ: "ಬ್ಯಾಡ. ರಿಕ್ಷಾ ಅದಾವಲ್ಲ."

ಇಂಥವರು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು ಹೊರಟರು ಎಂದರೆ ನಂಬುತ್ತೀರಾ?

ಕಾರಣ ಕಾಕು. ಹೋದ ವರ್ಷ ಲಕ್ವಾ ಹೊಡೆದು ಅವರ ಎಡಗೈ ಸೋತಿತ್ತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಹಿಚುಕಿ ಹಿಚುಕಿ ಬೇಸತ್ತು ಬಾಲ್ಕನಿಯಿಂದ ಎಸೆದಿದ್ದರು, ಬಲಗೈಯಿಂದ! ನಾನು ಸಾನಪಾಡಾದ ನಮ್ಮ ಮನೆಯಿಂದ ನನ್ನ ಹಳೆಯ ಕಂಪ್ಯೂಟರನ್ನೂ ಆಟದ ಸ್ಟೀರಿಂಗನ್ನೂ ತಂದುಕೊಟ್ಟೆ. ಕಾಕು ಲಾರಿ ಓಡಿಸುವ ಆಟಕ್ಕೆ ಅಂಟಿಕೊಂಡರು. ಎಡಗೈಯೂ ನಿಧಾನವಾಗಿ ಸ್ಟೀರಿಂಗ್ ಹಿಡಿಯತೊಡಗಿತು. ಆದರೆ ಘಾಟಿಯ ತಿರುವು ಬಂತೆಂದರೆ ಪರದೆಯ ಮೇಲಿನ ಚಿತ್ರ ತಡೆತಡೆದು ಓಡುತ್ತಿತ್ತು, ಅವರಿಗೆ ತಲೆ ಸುತ್ತುತ್ತಿತ್ತು. ಸೆಟ್ಟಿಂಗ್‌ನಲ್ಲಿ ಆಟದ ಚಿತ್ರಗಳ ಚಂದವನ್ನೆಲ್ಲ ಕಡಿಮೆ ಮಾಡಿದರೂ ಪ್ರಯೋಜನವಾಗಲಿಲ್ಲ. "ನನಗ ಇದೂ ಬ್ಯಾಡ," ಎಂದು ಕಾಕು ಒಂದು ದಿನ ಸ್ಟೀರಿಂಗ್ ಬಿಟ್ಟು ಎದ್ದೇಬಿಟ್ಟರು.

ಕಾರ್ಡಿನ ಸ್ಪೀಡ್ ಏರಿಸಿದರೆ ಚಿತ್ರ ತಡೆಯದೆ ಓಡೀತೆಂದು ಕಾಕಾ ಹೊರಟಿದ್ದೇ ಆಗ. ಆ ಭಾನುವಾರ ನಾನು ಹೋದಾಗ ಕಂಪ್ಯೂಟರಿನ ಎರಡೂ ಕಡೆ ಮರಳಿನ ಬಕೆಟ್! ಬಾಗಿಲಲ್ಲಿ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ವಿಚಾರಣೆ ನಡೆಸಿದ್ದರು: "ಕಾಕಾ, ಲಿಫ್ಟ್‌ಜವಳಚಾ ಫಾಯರ್ ಸಿಲಿಂಡರ್ ಕುಠೆ ಗೇಲಾ?" ಲಿಫ್ಟಿನ ಪಕ್ಕದಿಂದ ಮಾಯವಾಗಿದ್ದ ಆ ಬೆಂಕಿ ಆರಿಸುವ ಸಿಲಿಂಡರ್ ಕಾಕಾನ ತೊಡೆಯ ಮೇಲಿತ್ತು.

"ವೋಲ್ಟೇಜ್ ಮುಟ್ಟಂಗಿಲ್ಲ," ಎಂದು ನನಗೆ ಮೊದಲೇ ತಾಕೀತು ಮಾಡಿದರು. "ಸ್ಪೀಡ್ ಅಷ್ಟ. ಒಂದೀಟ ಏರಸೂದು, ಒಂದು ಚಹಾ ಕುಡಿಯೂದು, ಬಿಸಿ ಎಷ್ಟಾಗೇದ ನೋಡೂದು."

ಫ್ಯಾಕ್ಟರಿಯಲ್ಲಿ ಬಾಯ್ಲರಿನ ಒತ್ತಡ ಏರಿಸುತ್ತಿದ್ದ ಪದ್ಧತಿಯೇ ಅದಂತೆ. ಚಹಾ ಮುಗಿಯುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ! ಮೊದಲು ಬ್ರಶ್ಶಿನಿಂದ ಕಾರ್ಡಿನ ಫ್ಯಾನಿನ ಧೂಳು ತೆಗೆದರು. ಆಮೇಲೆ ಏರಿಸಿದೆವು, ಕುಡಿದೆವು, ಏರಿಸಿದೆವು, ಕುಡಿದೆವು. ಕಾರ್ಡಿಗೆ ಏನೂ ಆಗಲಿಲ್ಲ, ನನಗೆ ಎದೆಯುರಿ ಶುರುವಾಯಿತು.

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಬಣ್ಣದ ಚುಕ್ಕಿಗಳು ಮಿಣುಕಿದವು. ಮಿತಿ ಮುಟ್ಟಿದ ಲಕ್ಷಣ. ಕಾಕಾ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದರು, ಸ್ಪೀಡನ್ನೂ ಎರಡು ಹೆಜ್ಜೆ ಹಿಂದಕ್ಕೆ ತಂದರು.

"ಒಂದು ಹೆಜ್ಜಿ ಸಾಕಲ್ಲ, ಕಾಕಾ?"

"ಓಡಸಾಕಿ ನಿಮ್ಮ ಕಾಕು," ಎಂದರು.

ಆಮೇಲೆ ಇಡೀ ವಾರ ಅದೇ ವೇಗದಲ್ಲಿ ತಾವೇ ಲಾರಿ ಓಡಿಸಿ ಪರೀಕ್ಷಿಸಿದರು. ಹಾರ್ನ್ ಮಾತ್ರ ಬಿಡದೆ ಹೊಡೆಯುತ್ತಿದ್ದರು ಎಂದು ಕಾಕು ಫೋನಿನಲ್ಲಿ ದೂರಿದರು.

ಮುಂದಿನ ಭಾನುವಾರ ಕಾಕುವನ್ನು ಒಪ್ಪಿಸಿ ಕೂರಿಸಿದೆವು. ಲಾರಿ ಘಾಟಿಯ ತಿರುವಿಗೆ ಬಂತು. ಚಿತ್ರ ತಡವರಿಸಲಿಲ್ಲ. ಆ ಸೋತ ಎಡಗೈ ಸ್ಟೀರಿಂಗನ್ನು ಪೂರ್ತಿ ತಿರುಗಿಸಿತು! ಇವರು ನಮ್ಮ ಕಾಕಾ ಎಂದು ಬಾಲ್ಕನಿಗೆ ಹೋಗಿ ಇಡೀ ಸೊಸೈಟಿಗೆ ಕೂಗಿ ಹೇಳಬೇಕೆನಿಸಿತು ನನಗೆ.

"ಇನ್ನೊಂದೀಟ ಜೋರ್ ಬಿಡ್ಲೇನ್ರೀ?" ಕಾಕು ಕೇಳಿದರು.

ಬೇಡವೆನ್ನುತ್ತಾರೆ ಎಂದುಕೊಂಡೆ. ಕಾಕಾ ಇನ್ನೂ ತೊಡೆಯ ಮೇಲೇ ಇದ್ದ ಸಿಲಿಂಡರನ್ನು ಕೆಳಗಿಟ್ಟು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ಬಿಡು," ಎಂದರು. "ನಾ ಬಾಜೂಕ ಕೂತೇನಿ."