ನಮ್ಮ ಯಜಮಾನರು ಬಿ.ಕಾಂ. ಓದಿದ್ದು

ಮನೆಯಲ್ಲಿ ಒಬ್ಬರು ಕಾಲೇಜಿಗೆ ಸೇರಿದರೆ ನಗುವಂಥ ಸಂಗತಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಸೇರಿದವರು ಮನೆಯ ಯಜಮಾನರೇ ಆದರೆ ಕೇಳಲೇಬೇಡಿ. ನಾನು ಮದುವೆಯಾಗಿ ಬಂದ ದಿನದಿಂದ ದಿನಚರಿ ಬರೆದಿಟ್ಟಿದ್ದೇನೆ. ಹಾಲಿನವಳು ಬಾರದ ದಿನ ಕೂಡ ಅದರಲ್ಲಿದೆ. ಆದ್ದರಿಂದ ಇದನ್ನು ಓದಿ ನಮ್ಮ ಯಜಮಾನರು "ಹಾಗೆ ನಡೆದೇ ಇಲ್ಲ" ಎಂದರೆ ಯಾರೂ ನಂಬಬೇಕಾಗಿಲ್ಲ.

ಊರಿಗೇ ಮೊದಲನೆಯವನು

ನಾನು ಕೋಲಾರದ ವಕೀಲರ ಮಗಳು. ಬಿ.ಎ. ಮುಗಿಸಿ ಮುಳಬಾಗಿಲಿಗೆ ಸೊಸೆಯಾಗಿ ಬಂದೆ. ಮಾವನವರದು ರಾಗಿ, ಕಡಲೆಕಾಯಿ ಮಂಡಿ. ಯಜಮಾನರು ಇಂಟರ್‌ಮೀಡಿಯೆಟ್ ಪಾಸು ಮಾಡಿ ಮಂಡಿಯಲ್ಲಿ ಕೂತಿದ್ದರು. ಆ ಕಾಲಕ್ಕೆ ಅದೂ ಸಣ್ಣ ಓದೇನಲ್ಲ. ಆದರೆ ಬಿ.ಎ. ಓದಿದ ಹೆಂಗಸು ಊರಿಗೆಲ್ಲ ನಾನೊಬ್ಬಳೇ. ತಂತಿ ಬಂದರೆ ಓದಿಸಲು, ಕೋರ್ಟಿನ ನೋಟೀಸು ಬಂದರೆ ಅರ್ಥ ಕೇಳಲು ಜನ ಬರುತ್ತಿದ್ದರು. ಮಂಡಿಯ ಮುಂದೆ ನಿಂತು, ಒಳಗೆ ಕೂತ ಯಜಮಾನರನ್ನೇ "ಬಿ.ಎ. ಅಮ್ಮನ ಮನೆ ಇದೇನಾ?" ಎಂದು ಕೇಳುತ್ತಿದ್ದರು.

ಅದನ್ನೆಲ್ಲ ಅವರು ಸಹಿಸಿಕೊಂಡರು. ಒಂದು ಸಲ ಮಾಲೂರಿನಲ್ಲಿ ಬಂಧುಗಳ ಮದುವೆ. ಅಲ್ಲಿ ಯಾರೋ ದೊಡ್ಡ ಮನುಷ್ಯರಿಗೆ ಇವರ ಪರಿಚಯ ಮಾಡಿಕೊಡುತ್ತ, "ಇವರು ನಮ್ಮ ಬಿ.ಎ. ಅಮ್ಮನ ಯಜಮಾನರು" ಎಂದುಬಿಟ್ಟರು. ಇವರಿಗೆ ಬೇರೆ ಹೆಸರೇ ಇಲ್ಲವೆಂಬಂತೆ ಆ ದೊಡ್ಡ ಮನುಷ್ಯರು, "ಹೌದೇ! ಅವರು ಬಂದಿಲ್ಲವೇ?" ಎಂದು ಇವರ ಬೆನ್ನ ಹಿಂದೆ ನೋಡಿದರಂತೆ.

ಮನೆಗೆ ಬಂದವರು ರುಮಾಲನ್ನೂ ತೆಗೆಯದೆ ಹೇಳಿದರು: "ನಾನೂ ಓದ್ತೀನಿ ಕಣೇ. ಬಿ.ಕಾಂ. ಓದ್ತೀನಿ."

"ಬಿ.ಎ. ಓದಿ. ನನ್ನ ಪುಸ್ತಕಗಳೆಲ್ಲ ಇವೆ, ನಾನೇ ಹೇಳಿಕೊಡ್ತೀನಿ" ಎಂದೆ.

"ಅದಕ್ಕೇ ಬೇಡ ಅನ್ನೋದು. ಬಿ.ಎ. ಓದಿದ್ರೆ ಮನೆಯಲ್ಲೇ ಎರಡನೆಯವನಾಗ್ತೀನಿ. ಬಿ.ಕಾಂ. ಓದಿದ್ರೆ ಊರಿಗೇ ಮೊದಲನೆಯವನು. ಒಂದು ದಿನವಾದ್ರೂ ಈ ಊರು ನನ್ನ ಓದಿನಿಂದ ನನ್ನನ್ನ ಗುರುತಿಸಬೇಕು."

ಮಾವನವರು ಒಂದೇ ಮಾತು ಹೇಳಿದರು. "ಎರಡು ವರ್ಷ ಬಿಡ್ತೀನಿ. ಒಂದ್ಸಲ ಫೇಲಾದ್ರೆ ಬಂದು ರಾಗಿ ಅಳೆಯೋ ಬಳ್ಳ ಹಿಡಿಬೇಕು. ಆಮೇಲೆ ಕಾಲೇಜಿನ ಹೆಸರೆತ್ತಬಾರದು."

ಕಾಲೇಜಿನ ನಿಯಮಗಳನ್ನು ಬೆಂಗಳೂರಿನಿಂದ ತರಿಸಿದೆವು. ಸೇರುವವನಿಗೆ ಇಷ್ಟು ವರ್ಷ ತುಂಬಿರಬೇಕು ಎಂದಿತ್ತು. ಇಷ್ಟು ವರ್ಷ ಮೀರಿರಬಾರದು ಎಂದು ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಯಜಮಾನರು ಆ ಸಂದಿಯಲ್ಲಿ ಒಳಗೆ ಹೋದರು.

ನಡತೆ

ಮೊದಲು ಬೇಕಾದದ್ದು ನಡತೆಯ ಪ್ರಮಾಣಪತ್ರ. ಅಭ್ಯರ್ಥಿಯನ್ನು ಚೆನ್ನಾಗಿ ಬಲ್ಲ ಉಪಾಧ್ಯಾಯರು ಬರೆದುಕೊಡಬೇಕು. ಇವರು ಶ್ರೀನಿವಾಸಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದು ಮಿಡಲ್ ಸ್ಕೂಲು ಓದಿದವರು. ಅಲ್ಲಿನ ಹೆಡ್‌ಮಾಸ್ತರು ನಿವೃತ್ತರಾಗಿ ಅದೇ ಊರಲ್ಲಿದ್ದರು. ಇಬ್ಬರೂ ಹೋದೆವು. ಮಾವಿನ ಕಾಲ. ಮೇಷ್ಟರು ಹಜಾರದಲ್ಲಿ ಹುಲ್ಲು ಹಾಸಿ ಕಾಯಿ ಹಣ್ಣಿಗೆ ಹಾಕುತ್ತಿದ್ದರು. ತಲೆಯೆತ್ತಿ ನೋಡಿದರು.

"ನೀನೇ ಅಲ್ವೇನೋ, ಬಸ್ಕಿ ಹೊಡಿ ಅಂದ್ರೆ ಅರ್ಧ ಹೊಡೆದು ಕಿಟಕಿ ಹಾರಿ ಮಾವಿನ ತೋಪಿಗೆ ಓಡಿಹೋದವನು?"

ಯಜಮಾನರು ನನ್ನ ಕಡೆ ನೋಡಿ, "ಅದು ಯಾವ ಕಾಲದ ಮಾತು ಸಾರ್" ಎಂದರು.

"ಕಾಲ ಯಾವುದಾದ್ರೇನು? ಉಳಿದರ್ಧ ಹಾಗೇ ನಿಂತಿದೆ. ಅದು ಮುಗೀದೆ ನಡತೆ ಒಳ್ಳೇದು ಅಂತ ಯಾವ ಕೈಯಲ್ಲಿ ಬರೀಲಿ?"

ಮೇಷ್ಟರ ಹೆಂಡತಿ ನನ್ನನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ನಾನು ಕುಡಿಯುತ್ತ ಬಾಗಿಲ ಸಂದಿನಿಂದ ನೋಡಿದೆ. ಸರಿಗೆ ರುಮಾಲು, ಮೀಸೆ, ಕರಿಯ ಕೋಟು ಎಲ್ಲವೂ ಕಿವಿ ಹಿಡಿದು ಮೇಲಕ್ಕೂ ಕೆಳಕ್ಕೂ ಹೋಗುತ್ತಿದ್ದವು. ಮೇಷ್ಟರು ಮಾವಿನಕಾಯಿ ಜೋಡಿಸುತ್ತಲೇ "ಪೂರ್ತಿ ಕೂರು, ಪೂರ್ತಿ ಕೂರು" ಎನ್ನುತ್ತಿದ್ದರು.

ಆಮೇಲೆ ಕೈ ತೊಳೆದುಕೊಂಡು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಟ್ಟರು. ಅದರ ಅರ್ಥ ಇಷ್ಟು: "ಈ ಹುಡುಗನು ಹೇಳಿದ ಕೆಲಸವನ್ನು ಸ್ವಲ್ಪ ತಡವಾದರೂ ಮುಗಿಸುತ್ತಾನೆ."

ಪೋಷಕರು

ಅರ್ಜಿಗೆ ತಂದೆಯ ರುಜು ಬೇಕು, ತಂದೆ ಹಾಕದಿದ್ದರೆ ಪೋಷಕರದು. ಮಾವನವರು ಅರ್ಜಿಯನ್ನು ದೂರ ತಳ್ಳಿದರು. ಕೋಪ ಬಂದರೆ ಅವರ ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. "ಬಿಟ್ಟಿದ್ದೀನಲ್ಲ ಸಾಲದಾ? ರುಜು ಬೇರೆ ಯಾಕೆ, ಎಂದುಕು ರಾ? ಮಂಡಿ ಬಿಟ್ಟು ಹೋಗೋನಿಗೆ ನಾನು ರುಜು ಹಾಕಲ್ಲ."

ಕೊನೆಗೆ ನಾನು ಹಾಕಿದೆ. ಸಂಬಂಧ ಏನು ಎಂದು ಕೇಳಿದ್ದ ಕಡೆ ಯಜಮಾನರು "ಹತ್ತಿರದ ಬಂಧು" ಎಂದು ಬರೆದರು. ಅದು ಸುಳ್ಳೇನಲ್ಲ.

ಬೆಂಗಳೂರಿಗೆ ಇಬ್ಬರೂ ಹೋದೆವು. ಕಾಲೇಜಿನ ಗುಮಾಸ್ತೆ ಅರ್ಜಿ ನೋಡಿ, ನನ್ನನ್ನು ನೋಡಿ, "ಹುಡುಗನ್ನ ಕರೀರಮ್ಮ" ಎಂದರು.

"ಇವರೇ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವರಿಗೆ ನೀವು ಏನಾಗಬೇಕು? ಚಿಕ್ಕಮ್ಮನಾ?"

"ಹೆಂಡತಿ."

ಗುಮಾಸ್ತೆ ನಿಯಮದ ಪುಸ್ತಕ ತೆಗೆದು ಹಿಂದಿನಿಂದ ಮುಂದಕ್ಕೆ ತಿರುವಿದರು. ಹೆಂಡತಿ ಪೋಷಕಳಾಗಬಾರದು ಎಂದು ಎಲ್ಲೂ ಇರಲಿಲ್ಲ. ಆದರೂ ಮನಸ್ಸು ತಡೆಯದೆ, "ಹುಡುಗ ಶಿಸ್ತು ತಪ್ಪಿದ್ರೆ ಕಾಲೇಜು ಪೋಷಕರಿಗೆ ತಿಳಿಸುತ್ತೆ. ನೀವು ಅವನನ್ನ ಹದ್ದುಬಸ್ತಿನಲ್ಲಿ ಇಡಬೇಕಾಗುತ್ತೆ. ಆಗುತ್ತಾ?" ಎಂದರು.

ಯಜಮಾನರು ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಅರ್ಜಿಗೆ ಮೊಹರು ಹಾಕಿ ಸ್ವಾಮಿ. ಅದೊಂದು ವಿಷಯದಲ್ಲಿ ಅನುಮಾನ ಬೇಡ."

ಲಾಭ, ಎರಡು, ಮೂರು

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಬಳ್ಳವನ್ನು ಯಾರೂ "ಒಂದು" ಎನ್ನುವುದಿಲ್ಲ. "ಲಾಭ" ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಕಾರಣ ಕೇಳಿದರೆ ಮಾವನವರು "ಅಳೆಯುವಾಗ ಮಾತಾಡಬಾರದು" ಎನ್ನುತ್ತಿದ್ದರು. ಮಂಡಿಯಲ್ಲೇ ಬೆಳೆದ ಯಜಮಾನರು ಮನೆಯಲ್ಲಿ ಇಡ್ಲಿಯನ್ನೂ ಹಾಗೇ ಎಣಿಸುತ್ತಾರೆ.

ಇಂಟರ್‌ಮೀಡಿಯೆಟ್‌ನಲ್ಲಿ ಕಾಮರ್ಸ್ ಓದದವರನ್ನು ಪ್ರೊಫೆಸರು ಕರೆದು ಪ್ರಶ್ನೆ ಕೇಳಿ, ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಬೇಕೆಂದು ನಿಯಮ. ಇವರು ಓದಿದ್ದು ಚರಿತ್ರೆ ಮತ್ತು ತರ್ಕಶಾಸ್ತ್ರ. ನಾನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು.

"ಒಬ್ಬ ವ್ಯಾಪಾರಿ ಏನೇನು ಲೆಕ್ಕದ ಪುಸ್ತಕ ಇಡಬೇಕು? ಹೇಳಿ ನೋಡೋಣ" ಎಂದರು ಪ್ರೊಫೆಸರು.

ಇವರು ಕಿರುಬೆರಳು ಮಡಿಸಿದರು. "ಲಾಭ, ಕಚ್ಚಾ ಪುಸ್ತಕ. ಎರಡು, ದಿನವಹಿ. ಮೂರು, ಖಾತೆ ಪುಸ್ತಕ."

"ತಡೀರಿ, ತಡೀರಿ. ಲಾಭ ಮೊದಲೇ ಹೇಗೆ ಬಂತು? ನಾವು ಎರಡು ವರ್ಷ ಪಾಠ ಹೇಳಿ ಕೊನೇ ಪುಟದಲ್ಲಿ ತಾನೇ ಅದನ್ನ ಕಂಡುಹಿಡಿಯೋದು?"

"ನಮ್ಮಲ್ಲಿ ಮೊದಲು ಬಾಯಿಗೆ ಬರುತ್ತೆ ಸ್ವಾಮಿ. ಕೈಗೆ ಬರುತ್ತೋ ಇಲ್ವೋ ಆಮೇಲಿನ ಮಾತು."

ಒಳಗೆ ದೊಡ್ಡ ನಗು ಕೇಳಿಸಿತು. ಸಂಜೆ ಸೇರಿಸಿಕೊಂಡವರ ಹೆಸರುಗಳನ್ನು ಗೋಡೆಗೆ ಹಚ್ಚಿದರು. ಗಂಡಸರ ಗುಂಪಿನಲ್ಲಿ ನುಗ್ಗಿ ನೋಡಿಬಂದ ಯಜಮಾನರ ಮುಖ ಅರಳಿತ್ತು.

"ಎಷ್ಟನೆಯವರು?" ಎಂದೆ.

"ಕೊನೆಯವನು ಕಣೇ. ಆದ್ರೆ ಕೆಳಗಿನಿಂದ ಎಣಿಸಿದ್ರೆ ಲಾಭ."

ಮಾಲೂರಿನ ಅಕ್ಕ

ವಾರವೆಲ್ಲ ಮಾಲೂರಿನಲ್ಲಿ ಇವರ ಅಕ್ಕನ ಮನೆಯಲ್ಲಿದ್ದು ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವುದೆಂದು ಆಯಿತು. ಆ ಅಕ್ಕ ಇವರನ್ನು ಎತ್ತಿ ಆಡಿಸಿದವರು. ಮೊದಲ ದಿನ ಇವರು ಕೋಟು, ರುಮಾಲು, ಬೆಳ್ಳಿ ಹಿಡಿಯ ಬೆತ್ತದೊಡನೆ ತರಗತಿಗೆ ಕಾಲಿಟ್ಟಾಗ ಹುಡುಗರೆಲ್ಲ ದಡಬಡನೆ ಎದ್ದು ನಿಂತರಂತೆ. ಆಳುಗಳಿಗೆ ಹೇಳಿ ಅಭ್ಯಾಸ, ಇವರು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದುಬಿಟ್ಟರು. ಕೂತರು. ಇಬ್ಬರು ಪುಸ್ತಕವನ್ನೂ ತೆರೆದರು.

ಆ ಗೌರವ ಎಲ್ಲಿಯವರೆಗೆ ಉಳಿಯುತ್ತಿತ್ತೋ ಏನೋ. ಆದರೆ ಮಧ್ಯಾಹ್ನ ಇವರು ಬುತ್ತಿ ಬಿಚ್ಚಿದರು. ಮೊಸರನ್ನದ ಉಂಡೆಗಳನ್ನು ಅಕ್ಕ ಕಾಗೆಗೊಂದು, ಗುಬ್ಬಿಗೊಂದು ಎನ್ನುವಂತೆ ಸಣ್ಣಸಣ್ಣದಾಗಿ ಕಟ್ಟಿದ್ದರು. ದೃಷ್ಟಿಯಾಗದಿರಲೆಂದು ಮುಚ್ಚಳಕ್ಕೆ ಕಾಡಿಗೆ ಬೊಟ್ಟನ್ನೂ ಇಟ್ಟಿದ್ದರು.

ರಜೆಯ ಕಾರಣ

ಪರೀಕ್ಷೆಗೆ ಕೂರಬೇಕಾದರೆ ಮುಕ್ಕಾಲು ಪಾಲು ಹಾಜರಿ ಇರಲೇಬೇಕು. ಆಗ ಯುದ್ಧದ ಕಾಲ. ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಅಂದರೆ ನಿಲ್ಲುತ್ತಿದ್ದವು. ಭಾನುವಾರ ಮನೆಗೆ ಬಂದು ಸೋಮವಾರ ಮುಳಬಾಗಿಲಿನಿಂದ ಹೊರಟವರು ಎಷ್ಟೋ ಸಲ ಮಂಗಳವಾರ ಮಾಲೂರು ಸೇರಿದರು. ಎರಡನೆಯ ವರ್ಷದ ಹೊತ್ತಿಗೆ ಇವರ ಹಾಜರಿ ಅಂಚಿಗೆ ಬಂದು ನಿಂತಿತ್ತು. ಇನ್ನು ಕಾರಣವಿಲ್ಲದೆ ಒಂದು ವಾರ ತಪ್ಪಿದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಬಳ್ಳವೇ ಗತಿ. ಸರಿಯಾದ ಕಾರಣ ತೋರಿಸಿ ಪೋಷಕರು ಬರೆದರೆ ಮಾತ್ರ ಮಾಫಿ.

ಆಗಲೇ ಕೋಲಾರದ ನನ್ನ ತೌರಿನಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಮಗು. ಇವರು ಓಡಿಬಂದರು, ಮಗುವಿನ ಮುಖ ನೋಡಿದವರು ಒಂದು ವಾರ ಅಲ್ಲಾಡಲಿಲ್ಲ. ಆಮೇಲೆ ಹಾಜರಿಯ ನೆನಪಾಗಿ ಹಾಸಿಗೆಯ ಪಕ್ಕ ನಿಂತರು.

"ಅಜ್ಜಿ ಹೋಗ್ಬಿಟ್ರು ಅಂತ ಬರಿ ಕಣೇ. ಎಲ್ಲರೂ ಹಾಗೇ ಬರೆಸೋದು."

"ಶ್ರೀನಿವಾಸಪುರದಲ್ಲಿ ಗಟ್ಟಿಯಾಗಿ ಕೂತು ಮಾವಿನ ರಸ ಹರಡಿ ಚಟ್ಟು ಒಣಗಿಸ್ತಿರೋರನ್ನ ನಾನು ಸಾಯಿಸಲ್ಲ. ಇದ್ದದ್ದು ಇದ್ದ ಹಾಗೆ ಬರೀತೀನಿ."

ದಿಂಬಿಗೆ ಒರಗಿ ಬರೆದೆ: "ಪೋಷಕರಿಗೆ ಹೆರಿಗೆಯಾಗಿರುವುದರಿಂದ ವಿದ್ಯಾರ್ಥಿಗೆ ತರಗತಿಗೆ ಬರಲಾಗಲಿಲ್ಲ. ಪೋಷಕರೂ ಮಗುವೂ ಕ್ಷೇಮ."

ಗುಮಾಸ್ತೆ ಅದನ್ನು ತಾವೇ ಪ್ರೊಫೆಸರ ಕೋಣೆಗೆ ತೆಗೆದುಕೊಂಡು ಹೋದರಂತೆ. "ರಜೆಗೋಸ್ಕರ ಅಜ್ಜಿ ಸಾಯಿಸಿದವರನ್ನ ಬೇಕಾದಷ್ಟು ನೋಡಿದ್ದೀನಿ ಸಾರ್. ಪೋಷಕರಿಗೆ ಹೆರಿಗೆ ಮಾಡಿಸಿದವನು ಇವನೊಬ್ಬನೇ."

ಮಾಫಿಯಾಯಿತು. ಪ್ರೊಫೆಸರು ಕೆಳಗೆ ಬರೆದಿದ್ದರಂತೆ: "ಮಂಜೂರು. ಪರೀಕ್ಷೆಯವರೆಗೆ ಈ ಕಾರಣ ಮತ್ತೆ ಕೊಡತಕ್ಕದ್ದಲ್ಲ."

ಫಲಿತಾಂಶ

ಪರೀಕ್ಷೆ ಬರೆದು ಬಂದವರು ಮಂಡಿಯಲ್ಲಿ ಬಳ್ಳ ಮುಟ್ಟಲಿಲ್ಲ. ಮುಟ್ಟಿದರೆ ಫೇಲಾದೆನೆಂದು ಒಪ್ಪಿಕೊಂಡಂತೆ ಎಂದು ಅವರ ಲೆಕ್ಕ. ಮಾವನವರೂ ಕೊಡಲಿಲ್ಲ. ಅಂಚೆ ಬರುವ ಹೊತ್ತಿಗೆ ಇವರು ಬಾಗಿಲಲ್ಲಿ ಕಂಬದಂತೆ ನಿಲ್ಲುತ್ತಿದ್ದರು.

ಆ ದಿನ ಮಂಡಿಯಲ್ಲಿ ತುಂಬ ಜನ. ಆವನಿ ಕಡೆಯ ಒಬ್ಬ ಮುದುಕ ರೈತ ಮೊದಲ ಸಲ ನಮ್ಮಲ್ಲಿಗೆ ರಾಗಿ ತಂದಿದ್ದ. ಮಾವನವರು ಅವನ ರಾಗಿಯನ್ನು ತಾವೇ ಅಳೆಯುತ್ತಿದ್ದರು. ಅಂಚೆಯವನು ಬಂದ. ಇವರು ಕೈ ಚಾಚಿದರು. ಅವನು ಪಕ್ಕಕ್ಕೆ ಸರಿದ.

"ನಿಮಗಲ್ಲ ಸ್ವಾಮಿ. ಕಾಲೇಜಿಂದ ಬಂದೈತೆ, ಪೋಷಕರಿಗೇ ಅಂತ ಬರೆದೈತೆ."

"ಲೇ, ನಂದೇ ಕಣೋ ಅದು!"

"ಇರಬಹುದು. ಕೈಗೆ ಕೊಡೋದು ಅಮ್ಮನಿಗೇ." ಎಂದವನೇ ಅಲ್ಲಿಂದಲೇ ಕೂಗಿದ: "ಬಿ.ಎ. ಅಮ್ಮಾ!"

ನಾನು ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬಂದು ಒಡೆದು ಓದಿದೆ. ಮಂಡಿಯ ಜನರೆಲ್ಲ ನನ್ನ ಕಡೆ ತಿರುಗಿದರು. ಮಾವನವರ ಎಣಿಕೆ ಮಾತ್ರ ನಡೆದಿತ್ತು, ಆದರೆ ಬಹಳ ಮೆಲ್ಲಗೆ.

"ಪಾಸು" ಎಂದೆ. "ಎರಡನೆಯ ದರ್ಜೆ."

ಯಜಮಾನರು ಕಂಬ ಹಿಡಿದುಕೊಂಡರು. ಜನ್ಮದಲ್ಲಿ ಎಣಿಕೆ ತಪ್ಪದ ಮಾವನವರು ಎಷ್ಟಕ್ಕೆ ನಿಲ್ಲಿಸಿದೆನೆಂದು ಮರೆತು ಬಳ್ಳ ಹಿಡಿದು ನಿಂತರು. ಆಮೇಲೆ ಅಳೆದದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದು, ಮೊದಲ ಬಳ್ಳ ತುಂಬಿ, ಬೀದಿಗೆ ಕೇಳುವಂತೆ ಕೂಗಿದರು: "ಲಾಭ!"

ಆವನಿಯ ಮುದುಕ ಏನೂ ತಿಳಿಯದೆ ಅಂಚೆಯವನನ್ನು ಕೇಳಿದ: "ಏಮಿ ಸಂಗತಿ ಅಪ್ಪಾ? ಯಾರು ಪಾಸಾಗಿದ್ದು?"

ಅಂಚೆಯವನು ಇವರ ಕಡೆ ಕೈ ತೋರಿಸಿದ. "ಅಗೋ, ಅವರೇ. ಬಿ.ಎ. ಅಮ್ಮ ರುಜು ಹಾಕಿ ಓದಿಸ್ತಿದ್ರಲ್ಲ, ಆ ಹುಡುಗ."

ಯಜಮಾನರು ಎರಡು ವರ್ಷ ಕಾದದ್ದು ಈ ಗಳಿಗೆಗೇ. ಊರ ಮುಂದೆ ಒಬ್ಬ ಅವರನ್ನು ಅವರ ಓದಿನಿಂದ ಗುರುತಿಸಿದ್ದ. ಮುದುಕ ಎದ್ದು ಬಂದು ಇವರ ರುಮಾಲನ್ನೂ ಮೀಸೆಯನ್ನೂ ನೋಡಿದ, ನನ್ನನ್ನು ನೋಡಿ ಕೈಮುಗಿದ, ಇವರ ಬೆನ್ನು ತಟ್ಟಿ ಹೇಳಿದ:

"ಪೋಷಕರು ಅಂದ್ರೆ ಹೆತ್ತೋರಿಗೆ ಸಮ ಕಣಪ್ಪಾ. ದೊಡ್ಡೋನಾದ ಮೇಲೆ ಆ ತಾಯೀನ ಮರೀಬೇಡ. ಬೇಗ ಒಂದು ಮದುವೆ ಮಾಡ್ಕೊಂಡು ಸೊಸೇನ ತಂದುಕೊಡು, ಪಾಪ, ಒಬ್ಬರೇ ಮಗು ಎತ್ಕೊಂಡು ಓಡಾಡ್ತಾವ್ರೆ."