ಶಿಲಾಯುಗದ ದರ್ಜಿ

ನನ್ನ ಸೋದರಮಾವ ಬಸವಕಲ್ಯಾಣದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಶಿಲಾಯುಗಕ್ಕೆ ಹೋಗಿಬಿಟ್ಟಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅದೊಂದೇ, ನಂಬದಿರುವುದು! ಆದರೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಆದಿಮಾನವ ಎದುರಿಗೇ ಕೂತು ಹಸಿ ಮೂಲಂಗಿ ಕಚ್ಚುತ್ತಿದ್ದರೆ ಏನು ಮಾಡುವುದು?

ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿದ್ದರಂತೆ. ಪೇಲಿಯೋ ಡಯೆಟ್ ಎಂದು ಹೆಸರು; ಶಿಲಾಯುಗದವರು ತಿಂದದ್ದನ್ನಷ್ಟೇ ತಿನ್ನುವ ಪಥ್ಯ. ರೊಟ್ಟಿ, ಅನ್ನ, ಬೇಳೆ, ಹಾಲು, ಸಕ್ಕರೆ ಎಲ್ಲ ಬಂದ್. ಬದಲಿಗೆ ಬಾದಾಮಿ, ಸಮುದ್ರದ ಮೀನು, ಮಟನ್. ಬ್ಲೌಸು ಹೊಲಿದು ಬದುಕುವ ಮನೆಗೆ ಬಾದಾಮಿ ಎಲ್ಲಿಂದ ಬರಬೇಕು? ಮಾವ ಅದರ ಜಾಗಕ್ಕೆ ಶೇಂಗಾ ಹಾಕಿದರು.

“ಶೇಂಗಾನೂ ಕಾಳಿನ ಜಾತಿ ಮಾವಾ. ಆದಿಮಾನವ ತಿಂತಿರಲಿಲ್ಲ.”

“ಅಂವಾ ನಿನ್ನಂಗ ಯುನಿವರ್ಸಿಟಿಗೆ ಹೋಗಿದ್ನೇನಪಾ? ಸಿಕ್ಕದ್ದು ತಿಂತಿದ್ದ!”

ಇದೆಲ್ಲ ಬರೀ ತಮಾಷೆಯಾಗಿರುತ್ತಿತ್ತು, ಅತ್ತೆಗೆ ಸಕ್ಕರೆ ಕಾಯಿಲೆ ಇರದಿದ್ದರೆ. ಮಾತ್ರೆಗೂ ಅದು ಜಗ್ಗಿರಲಿಲ್ಲ. ರೊಟ್ಟಿ, ಅನ್ನ ಕಡಿಮೆ ಮಾಡದಿದ್ದರೆ ಇನ್ಸುಲಿನ್ ಚುಚ್ಚಲೇಬೇಕು ಎಂದು ಹುಮನಾಬಾದಿನ ಡಾಕ್ಟರು ಹೇಳಿಬಿಟ್ಟಿದ್ದರು. ಜೀವಮಾನವಿಡೀ ಸೂಜಿಯ ದುಡಿಮೆಯಲ್ಲಿ ಉಂಡ ಅತ್ತೆಗೆ ಮೈಗೆ ಚುಚ್ಚುವ ಸೂಜಿ ಎಂದರೆ ಜೀವವೇ ಹೋಗುತ್ತದೆ! ಅಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಹುಚ್ಚು ಹಿಡಿಯಬೇಕೇ? ಡಾಕ್ಟರ ಸೂಜಿ ಮಾತು ಮೊದಲು ಬಂತೋ, ಶಿಲಾಯುಗ ಮೊದಲು ಬಂತೋ? ಶಿಲಾಯುಗವೇ ಮೊದಲು ಎಂದು ನನ್ನ ನೆನಪು. ಆದರೆ ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ನನ್ನಂಥವನ ನೆನಪಿಗೆ ಏನು ಬೆಲೆ?

“ನೋಡಪಾ ಅಳಿಯಾ, ನಿಮ್ಮ ಮಾವಗ ರೊಟ್ಟಿ ಬ್ಯಾಡಂತ. ಹಿಟ್ಟು ಹುಳಾ ಹಿಡಿಯಾಕತ್ತದ,” ಎಂದು ಅತ್ತೆ ದೂರು ಹೇಳಿದರು.

“ಮತ್ತ ನೀವ್ ಏನ್ ಉಣ್ತೀರಿ ಅತ್ತಿ?”

“ಅವ್ರು ಉಂಡದ್ದೇ.”

ನನಗೆ ಮಾವನ ಮೇಲೆ ಸಿಟ್ಟು ನೆತ್ತಿಗೇರಿತು.

ಮಾವನಿಗೆ ಅದರ ಪರಿವೆಯೇ ಇರಲಿಲ್ಲ. ಸೊಪ್ಪಿಗೆ ದುಡ್ಡು ಯಾಕೆ ಕೊಡಬೇಕೆಂದು ಸೈಕಲ್ ಏರಿ ಮೋರಖಂಡಿಯ ಹೊಲದ ಬದುಗಳಿಗೆ ಹೋಗುತ್ತಿದ್ದರು. ಒಮ್ಮೆ ಹೊಲದವನು ನೋಡಿ ಕೂಗಿದನಂತೆ, “ಯಾರ್ರೀ ಅದು, ದನದ ಮೇವು ಕೊಯ್ಯಾಕತ್ತೀರೇನು?”

“ಇಲ್ರೀ, ನನ್ನ ಮೇವು!”

ಮಟನ್ ತುಟ್ಟಿ. ಹಾಗಾಗಿ ಬರೀ ಎಲುಬು, ಜೊತೆಗೆ ಒಡಕು ತತ್ತಿ. ಮಟನ್ ಅಂಗಡಿಯ ಚಾಚಾ ಬಹಳ ದಿನ ಸುಮ್ಮನಿದ್ದು ಕೊನೆಗೆ ಕೇಳಿಯೇಬಿಟ್ಟ. “ಟೇಲರ್ ಸಾಬ್, ಮನ್ಯಾಗ ಎಷ್ಟ್ ನಾಯಿ ಸಾಕೀರಿ?”

“ಎರಡ ಅದಾವ ಚಾಚಾ. ಒಂದು ನಾನು. ಇನ್ನೊಂದರ ಹೆಸರು ಹೇಳಿದ್ರ ಮನ್ಯಾಗ ಸೇರಿಸಾಂಗಿಲ್ಲ!”

ಅತ್ತೆಯ ರಕ್ತ ಮತ್ತೆ ಪರೀಕ್ಷೆ ಮಾಡಿಸಿದೆವು. ರಿಪೋರ್ಟ್ ಬರುವ ದಿನ ಮಾವ ಹುಮನಾಬಾದಿಗೆ ಬಂದು, ಆಸ್ಪತ್ರೆಯ ಬಾಗಿಲ ತನಕ ನನ್ನ ಜೊತೆ ನಡೆದು, ಅಲ್ಲೇ ನಿಂತುಬಿಟ್ಟರು. “ನೀ ಒಳಗ ಹೋಗಿ ಬಾ. ನಾ ದಾರ ತರತೀನಿ.”

ರಿಪೋರ್ಟ್ ನೋಡಿದ ಡಾಕ್ಟರು ಸದ್ಯಕ್ಕೆ ಇನ್ಸುಲಿನ್ ಬೇಡ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹೊರಗೆ ಬಂದರೆ ಮಾವ ಇಲ್ಲ. ದಾರದ ಅಂಗಡಿಯಲ್ಲೂ ಇಲ್ಲ. ಪಕ್ಕದ ಖಾನಾವಳಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು, ಕಣ್ಣು ಮುಚ್ಚಿ, ಜೋಳದ ರೊಟ್ಟಿ ಉಣ್ಣುತ್ತಿದ್ದಾರೆ!

ಪಕ್ಕದಲ್ಲಿ ಕೂತಾಗ, ನಾನು ಬಾಯಿ ತೆರೆಯುವ ಮೊದಲೇ ಕಣ್ಣು ಬಿಟ್ಟು ಕೇಳಿದರು. “ಸೂಜಿ?”

“ಬ್ಯಾಡಂತ ಮಾವಾ.”

ಕೈಯಲ್ಲಿದ್ದ ರೊಟ್ಟಿಯ ಚೂರು ತಾಟಿಗೆ ಬಿತ್ತು. ಅದನ್ನೇ ತೋರಿಸಿ ನಾನು ಕೇಳಿದೆ.

“ಮತ್ತ ಈ ರೊಟ್ಟಿ?”

“ಲಗ್ನ ಆದಾಗಿಂದ ನಾ ಉಂಡದ್ದೇ ಅಕಿ ಉಣ್ಣೋದು. ಬ್ಯಾರೆ ಮಾಡ್ಕೊ ಅಂದ್ರ, ‘ನನ್ನೊಬ್ಬಾಕಿ ಸಲುವಾಗಿ ಒಲಿ ಹಚ್ಚಲೇನು’ ಅಂತಾಳ. ಡಾಕ್ಟರ್ ಸೂಜಿ ಅಂದ ದಿನಾನ ಆ ವಿಡಿಯೋ ಹುಡುಕಿದೆ. ಅಕಿ ರೊಟ್ಟಿ ಬಿಡಸಬೇಕಂದ್ರ ನಾನ ಹುಚ್ಚ ಆಗಬೇಕಾತು.”

“ಇನ್ನ ಈ ಪಥ್ಯಾ ಬಿಡಬಹುದಲ್ಲ?”

“ನಾ ಬಿಟ್ರ ಅಕೀನೂ ಬಿಡತಾಳ,” ಎಂದು ಕೈ ತೊಳೆದುಕೊಂಡು ಬಂದು ಮುಖವನ್ನು ನನ್ನ ಹತ್ತಿರ ತಂದರು. “ಮೀಸಿಗೆ ಹಿಟ್ಟು ಹತ್ತೇದೇನು ನೋಡು. ಅಕಿ ಕಣ್ಣು ಭಾಳ ಚುರುಕು.”

ಕರವಸ್ತ್ರ ತೆಗೆದು ಒರೆಸಿದೆ. ಅಲ್ಲಿ ಹಿಟ್ಟು ಇತ್ತೋ ಇಲ್ಲವೋ, ನನಗೆ ನೆನಪಿಲ್ಲ.