ಫೋಟೊಗೆ ಸಿಗದ ಮಿದುಳು

ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಎಕ್ಸ್‌ರೇ ತೆಗೆದವನು ನಾನು. ಅಲ್ಲಿಗೆ ಯಾರೂ ನಗಿಸಲು ಬರುವುದಿಲ್ಲ. ಆದರೂ ಆಗಾಗ ನಗು ತಡೆಯಲಾರದೆ, ಫಿಲ್ಮ್ ತೊಳೆಯುವ ಕತ್ತಲೆ ಕೋಣೆಗೆ ಓಡಬೇಕಾಗುತ್ತಿತ್ತು. ಎಂಬತ್ತರ ದಶಕದಲ್ಲೊಮ್ಮೆ ಎರಡೇ ದಿನದಲ್ಲಿ ಮೂರು ಸಲ ಓಡಿದೆ. ಮೂರನೆಯ ಸಲ ಡಾಕ್ಟರೂ ಜೊತೆಗಿದ್ದರು.

೧. ಪೌಡರು

ಸಿರುಗುಪ್ಪದ ರೈಸ್‌ಮಿಲ್ಲಿನ ಹಮಾಲನೊಬ್ಬನ ತಲೆಯ ಮೇಲೆ ಅಕ್ಕಿಚೀಲ ಬಿದ್ದಿತ್ತು. ಎರಡು ನಿಮಿಷ ಎಚ್ಚರ ತಪ್ಪಿ, ಎದ್ದು, ಹೆಂಡತಿಯೊಂದಿಗೆ ಬಸ್ಸಿನಲ್ಲಿ ಬಂದ. ಡಾಕ್ಟರು ತಲೆಯ ಫೋಟೊ ತೆಗೆಸಬೇಕು ಎಂದದ್ದೇ ತಡ, ಆಕೆ ಅವನ ಕೂದಲು ಬಾಚಿ, ಮುಖಕ್ಕೆ ಪೌಡರು ಹಚ್ಚಿ ಕೂರಿಸಿದ್ದಳು.

"ಇದರಾಗ ಎಲುಬು ಅಷ್ಟ ಕಾಣ್ತಾವಮ್ಮ," ಎಂದೆ.

"ಇರ್ಲಿ ಬಿಡ್ರಿ. ಲಗ್ನದಾಗೂ ಫೋಟೊ ತೆಗಿಸಿದ್ದಿಲ್ಲ. ನಾನೂ ಬಾಜೂಕ ನಿಂದರ್ಲೇನ್ರಿ?"

೨. ವಾರ

ಎಲುಬು ನೆಟ್ಟಗಿತ್ತು. ಚಿಂತೆ ಶುರುವಾದದ್ದೇ ಆಗ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಒಳಗೆ ರಕ್ತ ಸೋರ್ತಿದ್ರೆ ಇದರಲ್ಲಿ ಕಾಣೋದಿಲ್ಲ. ಮಿದುಳು ತೋರಿಸೋ ಸ್ಕ್ಯಾನ್ ಯಂತ್ರ ಇರೋದು ಹೈದರಾಬಾದ್‌ನಂಥ ದೊಡ್ಡ ಊರುಗಳಲ್ಲಿ" ಎಂದರು. ಅಷ್ಟು ದೂರ ತಲುಪುವವರೆಗೆ ಅವನು ಉಳಿಯುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಗಂಟೆಗೊಮ್ಮೆ ಪ್ರಶ್ನೆ ಕೇಳುವುದು, ಉತ್ತರ ತಪ್ಪಿದರೆ ಹೈದರಾಬಾದಿಗೆ ಬಾಡಿಗೆ ಕಾರು ಹತ್ತಿಸುವುದು ಎಂದಾಯಿತು. ಹೆಂಡತಿ ಸೆರಗು ಹಿಂಡುತ್ತ ಕುಳಿತಳು.

"ಇವತ್ತು ಯಾವ ವಾರ?" ಡಾಕ್ಟರು ಹಮಾಲನನ್ನು ಕೇಳಿದರು.

"ಕುರುಗೋಡು ಸಂತಿ ಮರುದಿನ್ರಿ."

ಆ ಸಂತೆ ಯಾವ ವಾರವೆಂದು ತಿಳಿಯದೆ ಡಾಕ್ಟರು ನನ್ನ ಮುಖ ನೋಡಿದರು. "ಸರಿ ಐತ್ರಿ," ಎಂದೆ. ಆ ಪರೀಕ್ಷೆಯಲ್ಲಿ ಫೇಲಾದವರು ಡಾಕ್ಟರೊಬ್ಬರೇ.

೩. ಹೆಸರು

ಮಧ್ಯಾಹ್ನ ಅವನಿಗೆ ತೂಕಡಿಕೆ ಬಂತು. ಡಾಕ್ಟರು ಗಾಬರಿಯಿಂದ ತೋಳು ಹಿಡಿದು ಅಲುಗಿಸಿದರು.

"ನಿನ್ನ ಹೆಂಡತಿ ಹೆಸರೇನಪ್ಪ?"

ಅವನು ನೆಲ ನೋಡಿದ. ಮತ್ತೆ ಕೇಳಿದರು. ಬೆವರಿದನೇ ಹೊರತು ಬಾಯಿ ಬಿಡಲಿಲ್ಲ.

"ನೆನಪು ಹೋಗಿದೆ. ಕಾರು ತರಿಸಿ!"

"ತಡೀರಿ ಸಾಹೇಬ್ರ!" ಹೆಂಡತಿ ಅಡ್ಡ ನಿಂತಳು. "ನಾಕು ಮಂದ್ಯಾಗ ಹೆಂಡ್ತಿ ಹೆಸರು ಹಂಗ ಹೇಳ್ತಾರೇನ್ರಿ? ಒಡಪು ಕೇಳ್ರಿ."

ಒಡಪು ಅಂದರೆ ಪ್ರಾಸ ಕಟ್ಟಿ ಅದರೊಳಗೆ ಹೆಸರು ಹೇಳುವುದು, ನಮ್ಮ ಕಡೆಯ ಮದುವೆಯ ಪದ್ಧತಿ ಎಂದು ನಾನು ಡಾಕ್ಟರಿಗೆ ವಿವರಿಸುವಷ್ಟರಲ್ಲಿ ಅವನು ತಲೆಯೆತ್ತಿದ:

"ಹೊಳಿ ದಂಡಿ ಭತ್ತ ಬಂಗಾರದಂಗ ಬೆಳದೈತಿ,
ಚೀಲ ಬಿದ್ದ ತಲ್ಯಾಗ ಹುಲಿಗೆಮ್ಮನ ಹೆಸರು ಉಳದೈತಿ!"

ಡಾಕ್ಟರು ಕಾರು ಬೇಡವೆಂದರು. ಆದರೂ ಆ ರಾತ್ರಿ ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಅವನು ನೆಟ್ಟಗೆ ನಡೆದು ಹೊರಟಾಗ, "ನಿನ್ನೆ ನಿಂತ ಕಾಲಲ್ಲೇ ಎಂಥ ಪದ ಕಟ್ಟಿದ! ಮಿದುಳು ಚೆನ್ನಾಗಿದೆಯಮ್ಮ," ಎಂದರು.

ಹುಲಿಗೆಮ್ಮ ಕಣ್ಣೊರೆಸಿಕೊಂಡಳು.

"ಲಗ್ನದಾಗ ಎಂಟು ದಿನ ಬಾಯಿಪಾಠ ಮಾಡಿದ್ದ ಒಡಪನ್ನ ನಡುವ ಮರ್ತು ನಿಂತಿದ್ರು ರೀ. ಈ ಚೀಲ ಅವತ್ತ ಬೀಳಬೇಕಿತ್ತು."